ಬಾರ್ಬೆಕ್ಯೂ ದಿನ ಗಂಡನ ತಟ್ಟೆ ಕಾಯಬೇಕೆ?

ಪ್ರಶ್ನೆ: ನಮ್ಮದು ಅಮೆರಿಕದ ಟೆಕ್ಸಾಸ್‌ನಲ್ಲಿ ಡಲ್ಲಾಸ್ ಹತ್ತಿರದ ಊರು. ಮೇ ಕೊನೆಗೆ ಮೆಮೋರಿಯಲ್ ಡೇ ಬಂತೆಂದರೆ ನನ್ನ ಗಂಡ ಹಿತ್ತಲಿನ ಗ್ರಿಲ್‌ನ ಹೊದಿಕೆ ತೆಗೆಯುತ್ತಾರೆ. ಅಲ್ಲಿಂದ ಸೆಪ್ಟೆಂಬರ್‌ನ ಲೇಬರ್ ಡೇವರೆಗೆ ಪ್ರತಿ ಶನಿವಾರ ಕೋಳಿ, ಬರ್ಗರ್, ಹಾಟ್‌ಡಾಗ್, ಜೊತೆಗೆ ಸ್ನೇಹಿತರ ಗುಂಪು. ಅವರಿಗೀಗ ನಲವತ್ತಾರು. ಮೂರು ವರ್ಷದಿಂದ ಸಕ್ಕರೆ ಕಾಯಿಲೆಯಿದೆ, ಬಿಪಿಗೂ ಮಾತ್ರೆ ನುಂಗುತ್ತಾರೆ. ಕಳೆದ ಸಲ ಎ1ಸಿ 7.6 ಬಂದಿತ್ತು. ಸುಟ್ಟ ಮಾಂಸದಿಂದ ಕ್ಯಾನ್ಸರ್ ಬರುತ್ತದೆ ಎಂದು ಓದಿದ ಮೇಲೆ ನನಗೆ ಸಮಾಧಾನವೇ ಇಲ್ಲ. ಮೊನ್ನೆ ಅವರ ತಟ್ಟೆಯಿಂದ ಕಪ್ಪಾಗಿದ್ದ ಎರಡು ತುಂಡು ತೆಗೆದು ಬಿಸಾಡಿದೆ. ಸ್ನೇಹಿತರೆಲ್ಲ ನೋಡುತ್ತಿದ್ದರು. ಆಮೇಲೆ ಎರಡು ದಿನ ಮನೆಯಲ್ಲಿ ಮಾತಿಲ್ಲ. ಈ ಸಲ ಜುಲೈ 4 ಶನಿವಾರವೇ ಬಿದ್ದಿದೆ, ದೇಶಕ್ಕೆ 250 ವರ್ಷ ಬೇರೆ. ಮೂವತ್ತು ಜನರನ್ನು ಕರೆದಾಗಿದೆ. ಹಾಸನದಿಂದ ಅತ್ತೆ, ಮಾವ ಬಂದಿದ್ದಾರೆ. ಮಗ ಇಲ್ಲಿ ಬಂದು ಕೋಳಿ ತಿನ್ನುವುದು ಅವರಿಗೆ ಗೊತ್ತು, ಆದರೆ ಆ ಜಾಲರಿಯ ಮೇಲೆ ಸುಟ್ಟ ಜೋಳವನ್ನೂ ಅವರು ಮುಟ್ಟುವುದಿಲ್ಲ. ಮಾವನವರಿಗೆ ಎಪ್ಪತ್ನಾಲ್ಕು. ಬಿಪಿಗೆ ಕೊಡುವ, ಮೂತ್ರ ಜಾಸ್ತಿ ಹೋಗುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಈ ಗ್ರಿಲ್ ಹುಚ್ಚನ್ನು ಬಿಡಿಸುವುದು ಹೇಗೆ?

— ಹೆಸರು ಬೇಡ, ಟೆಕ್ಸಾಸ್

ಉತ್ತರ: ಬಿಡಿಸಬೇಡಿ. ಬಿಡಿಸುವುದು ನಿಮ್ಮ ಕೈಲಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ವಾರವಿಡೀ ಕಂಪ್ಯೂಟರ್ ಮುಂದೆ ಕೂತಿರುವ ಮನುಷ್ಯ ಶನಿವಾರ ಹಿತ್ತಲಲ್ಲಿ ನಿಂತು ನಾಲ್ಕು ಜನಕ್ಕೆ ಬೇಯಿಸಿ ಹಾಕುತ್ತಾರೆ ಎಂದರೆ ಅದರಲ್ಲಿ ಒಳ್ಳೆಯದೇ ಹೆಚ್ಚು. ನಿಮ್ಮ ಪತ್ರ ಓದಿದಾಗ ನನಗೆ ಅನ್ನಿಸಿದ್ದು ಬೇರೆ: ಕಾಳಜಿ ಸರಿಯಾಗಿದೆ, ಅದು ಹೋಗಿ ಕೂತಿರುವ ಜಾಗ ಸರಿಯಿಲ್ಲ. ನೀವು ಕಣ್ಣಿಟ್ಟಿರುವುದು ಜಾಲರಿಯ ಮೇಲಿನ ಕರಕಲಿನ ಮೇಲೆ. ನಿಮ್ಮ ಗಂಡನ ಎ1ಸಿಯನ್ನೂ ಬಿಪಿಯನ್ನೂ ಮೇಲಕ್ಕೆ ತಳ್ಳುತ್ತಿರುವುದು ಬಹುಪಾಲು ಪಕ್ಕದ ಮೇಜಿನ ಮೇಲಿದೆ.

ಆದರೂ ಕರಕಲಿನ ವಿಷಯ ಮೊದಲು ಮುಗಿಸೋಣ, ಇಲ್ಲದಿದ್ದರೆ ಮುಂದಿನದು ನಿಮ್ಮ ತಲೆಗೆ ಇಳಿಯುವುದಿಲ್ಲ. ಮಾಂಸ ಜೋರು ಉರಿಯಲ್ಲಿ ಬೇಯುವಾಗ ಅದರಲ್ಲಿರುವ ಕ್ರಿಯಾಟಿನ್, ಅಮೈನೊ ಆಮ್ಲ, ಸಕ್ಕರೆ ಸೇರಿ ಹೆಟೆರೊಸೈಕ್ಲಿಕ್ ಅಮೀನ್ ಎಂಬ ರಾಸಾಯನಿಕಗಳು ಹುಟ್ಟುತ್ತವೆ. ಇನ್ನೊಂದು ಗುಂಪು ಹೊಗೆಯಿಂದ ಬರುತ್ತದೆ. ಕೋಳಿಯ ಚರ್ಮದ ಕೊಬ್ಬು ಕರಗಿ ಕೆಂಡದ ಮೇಲೆ ತೊಟ್ಟಿಕ್ಕಿದ ಕೂಡಲೇ ಚುಂಯ್ ಎಂದು ಜ್ವಾಲೆ ಎದ್ದು, ಒಂದು ಸುತ್ತು ಕಪ್ಪು ಹೊಗೆ ಮೇಲೆ ಬಂದು ಮಾಂಸಕ್ಕೇ ಮೆತ್ತಿಕೊಳ್ಳುತ್ತದಲ್ಲ, ಪಿಎಎಚ್ ಎಂದು ಕರೆಯುವ ವಸ್ತುಗಳು ಬರುವುದು ಅದರಲ್ಲಿ. ಪ್ರಯೋಗಾಲಯದ ಪ್ರಾಣಿಗಳಿಗೆ ಇವನ್ನು ಭಾರಿ ಪ್ರಮಾಣದಲ್ಲಿ ಕೊಟ್ಟಾಗ ಕ್ಯಾನ್ಸರ್ ಬಂದಿದೆ. ಮನುಷ್ಯರ ಊಟದಲ್ಲಿ ಸೇರುವಷ್ಟು ಪ್ರಮಾಣದಿಂದಲೂ ಹಾಗೆ ಆಗುತ್ತದೆ ಎಂಬುದು ಇನ್ನೂ ಖಚಿತವಾಗಿಲ್ಲ. ಹಾಗೆಂದು ನಿರ್ಲಕ್ಷಿಸುವಂಥದ್ದೂ ಅಲ್ಲ. ವರ್ಷಕ್ಕೊಂದು ಜುಲೈ 4 ಆಗಿದ್ದರೆ ನಾನು ನಕ್ಕು ಮರೆಯಿರಿ ಅನ್ನುತ್ತಿದ್ದೆ. ನಿಮ್ಮ ಮನೆಯಲ್ಲಿ ಮೆಮೋರಿಯಲ್ ಡೇಯಿಂದ ಲೇಬರ್ ಡೇವರೆಗೆ ಹದಿನೈದು ಶನಿವಾರ. ಹಾಗಾಗಿ ಕಡಿಮೆ ಮಾಡಿಕೊಳ್ಳುವುದು ಒಳ್ಳೆಯದು, ಮತ್ತು ಅದು ತುಂಬ ಸುಲಭ.

ಇದ್ದಿಲಾದರೆ ಕೆಂಡವನ್ನೆಲ್ಲ ಒಂದು ಪಕ್ಕಕ್ಕೆ ಒತ್ತರಿಸಿ. ಗ್ಯಾಸ್ ಆದರೆ ಒಂದು ಬರ್ನರ್ ಮಾತ್ರ ಹಚ್ಚಿ. ಕೋಳಿ ಬೇಯಬೇಕಾದದ್ದು ಕೆಂಡವಿಲ್ಲದ ಕಡೆ, ಮುಚ್ಚಳ ಮುಚ್ಚಿ. ಕೊನೆಯ ಎರಡು ನಿಮಿಷ ಮಾತ್ರ ಉರಿಯ ಕಡೆಗೆ ಸರಿಸಿದರೆ ಬಣ್ಣ ತಾನಾಗಿ ಬರುತ್ತದೆ. ಚರ್ಮ ತೆಗೆದುಬಿಟ್ಟರೆ ತೊಟ್ಟಿಕ್ಕುವ ಕೊಬ್ಬೂ ಕಡಿಮೆ. ಪದೇ ಪದೇ ಮಗುಚುತ್ತಿದ್ದರೆ ಆ ಅಮೀನ್‌ಗಳು ಕಡಿಮೆ ಹುಟ್ಟುತ್ತವೆ, ಮಸಾಲೆಯಲ್ಲಿ ನೆನೆಸಿಟ್ಟ ಮಾಂಸದಲ್ಲೂ ಹಾಗೆಯೇ. ಈ ವಿಷಯದಲ್ಲಿ ನಮ್ಮವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಶುಂಠಿ, ಬೆಳ್ಳುಳ್ಳಿ, ನಿಂಬೆಹುಳಿ, ಅರಿಶಿನ, ಕಾಳುಮೆಣಸು, ಒಂದಿಷ್ಟು ಮೊಸರು ಕಲಸಿ ರಾತ್ರಿ ಫ್ರಿಜ್‌ನಲ್ಲಿಟ್ಟರಾಯಿತು. ಅಂಗಡಿಯ ಬಾರ್ಬೆಕ್ಯೂ ಸಾಸ್ ಸವರಿ ನೆನೆಸುವವರಿದ್ದಾರೆ. ಅದರಲ್ಲಿ ಸಕ್ಕರೆ ಜಾಸ್ತಿ, ಉರಿ ತಾಗಿದ ಕೂಡಲೇ ಸೀಯುತ್ತದೆ. ಬೇಕೇ ಬೇಕೆಂದರೆ ಇಳಿಸುವ ಮುಂಚೆ ಒಂದು ಕೈ ಸವರಲಿ. ದೊಡ್ಡ ದೊಡ್ಡ ತೊಡೆ ತುಂಡುಗಳಿದ್ದರೆ ಮೊದಲು ಮೈಕ್ರೋವೇವ್‌ನಲ್ಲಿ ಒಂದೆರಡು ನಿಮಿಷ ಬಿಸಿಮಾಡಿ, ಬಿಟ್ಟ ನೀರು ಚೆಲ್ಲಿ, ತಡಮಾಡದೆ ಗ್ರಿಲ್‌ಗೆ ಹಾಕಬಹುದು. ಅಷ್ಟಾದ ಮೇಲೂ ಒಂದು ತುದಿ ಕರಕಲಾದರೆ ಅವರೇ ಚಾಕುವಿನಲ್ಲಿ ಕೆತ್ತಿ ತೆಗೆಯಲಿ. ನೀವು ಕೈ ಹಾಕಬೇಡಿ.

ನಿಜಕ್ಕೂ ಕಡಿಮೆ ಮಾಡಬೇಕಾದದ್ದು ಹಾಟ್‌ಡಾಗ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು, ಅಂದರೆ ಹಾಟ್‌ಡಾಗ್, ಸಾಸೇಜ್, ಬೇಕನ್, ಹ್ಯಾಮ್ ಇಂಥವನ್ನು, ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತು. ತಂಬಾಕೂ ಅದೇ ಗುಂಪಿನಲ್ಲಿದೆ ಎಂದು ವಾಟ್ಸಾಪ್‌ನಲ್ಲಿ ಭಯಪಡಿಸುವವರು ಒಂದು ವಿಷಯ ಬಿಟ್ಟುಬಿಡುತ್ತಾರೆ: ಆ ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ದಿನಕ್ಕೆ 50 ಗ್ರಾಂ, ಹೆಚ್ಚುಕಡಿಮೆ ಒಂದು ಹಾಟ್‌ಡಾಗ್, ಪ್ರತಿದಿನ ತಿಂದರೆ ದೊಡ್ಡಕರುಳಿನ ಕ್ಯಾನ್ಸರ್ ಸಾಧ್ಯತೆ ಸುಮಾರು ಶೇಕಡಾ 18ರಷ್ಟು ಹೆಚ್ಚುತ್ತದೆ ಎಂದು ಅವರ ಲೆಕ್ಕ. ಅಮೆರಿಕದಲ್ಲಿ ಜೀವಮಾನದಲ್ಲಿ ನೂರರಲ್ಲಿ ಸುಮಾರು ನಾಲ್ಕು ಜನಕ್ಕೆ ಆ ಕಾಯಿಲೆ ಬರುತ್ತದೆ. ದಿನವೂ ತಿನ್ನುವವರಲ್ಲಿ ಅದು ಐದರ ಹತ್ತಿರ ಹೋಗಬಹುದು. ನಿದ್ದೆಗೆಡುವಷ್ಟು ದೊಡ್ಡದಲ್ಲ, ಹಾಗೆಂದು ಬೇಕಾಬಿಟ್ಟಿ ತಿನ್ನುವಂಥದ್ದೂ ಅಲ್ಲ. ಇನ್ನೊಂದು ಮಾತು. ಪೊಟ್ಟಣದ ಮೇಲೆ ‘ಅನ್‌ಕ್ಯೂರ್ಡ್’ ಎಂದು ಬರೆದ, ದುಬಾರಿ ಹಾಟ್‌ಡಾಗ್ ತಂದು ನೆಮ್ಮದಿಯಾಗಿರುವವರನ್ನು ಕಂಡಿದ್ದೇನೆ. ಹಿಂಬದಿಯ ಸಣ್ಣ ಅಕ್ಷರ ಓದಿ, ಬಹಳಷ್ಟರಲ್ಲಿ ಸೆಲರಿ ಪುಡಿ ಇರುತ್ತದೆ. ಮಾಮೂಲಿ ಹಾಟ್‌ಡಾಗ್ ಕೆಡದಂತೆ ಹಾಕುವ ನೈಟ್ರೈಟ್ ಇದೆಯಲ್ಲ, ಸೆಲರಿ ಪುಡಿಯಿಂದ ಬರುವುದೂ ಅದೇ.

ಈಗ ಮೇಜಿನ ಕಡೆ ಬನ್ನಿ. ಒಂದು ಹಾಟ್‌ಡಾಗ್‌ನಲ್ಲಿ ಸುಮಾರು 500 ಮಿಲಿಗ್ರಾಂ ಸೋಡಿಯಂ. ಬನ್ನಿನಲ್ಲಿ ಇನ್ನೂ 200ರಷ್ಟು. ಒಂದು ದೊಡ್ಡ ಚಮಚ ಕೆಚಪ್‌ನಲ್ಲಿ 150. ಎರಡು ಹಾಟ್‌ಡಾಗ್ ಮುಗಿಸುವ ಹೊತ್ತಿಗೆ 1700 ಮುಟ್ಟುತ್ತದೆ, ಚಿಪ್ಸ್ ಪೊಟ್ಟಣ ಇನ್ನೂ ಒಡೆದಿಲ್ಲ. ಬಿಪಿ ಇರುವವರಿಗೆ ಇಡೀ ದಿನಕ್ಕೆ 1500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುತ್ತಾರಲ್ಲ, ಅಲ್ಲಿ ನೀರಿನ ಬದಲು ಐಸ್ ಪೆಟ್ಟಿಗೆಯಲ್ಲಿ ಕೋಲಾ ಕಾದಿರುತ್ತದೆ. 12 ಔನ್ಸ್‌ನ ಒಂದು ಕ್ಯಾನ್‌ನಲ್ಲಿ 39 ಗ್ರಾಂ ಸಕ್ಕರೆ, ಹತ್ತಿರ ಹತ್ತಿರ ಹತ್ತು ಟೀ ಚಮಚ. ಸಕ್ಕರೆ ಕಾಯಿಲೆಯವರಿಗೆ ಜಾಲರಿಯ ಮೇಲಿನ ಯಾವ ಕರಕಲೂ ಇಷ್ಟು ಬೇಗ ಕೆಟ್ಟದ್ದು ಮಾಡಲಾರದು.

ಸಸ್ಯಾಹಾರಿ ಬರ್ಗರ್ ತಂದರೆ ಎಲ್ಲ ಸರಿಹೋಗುತ್ತದೆ ಎಂದು ಭಾವಿಸಬೇಡಿ. ಮಾಂಸದಂತೆಯೇ ಕಾಣುವ ಆ ಪ್ಯಾಟಿಗಳಲ್ಲಿ ಒಂದೊಂದಕ್ಕೂ 350–400 ಮಿಲಿಗ್ರಾಂ ಸೋಡಿಯಂ ಇರುವುದು ಸಾಮಾನ್ಯ. ಪನೀರ್ ಟಿಕ್ಕಾ ಕೂಡ ಲಂಗುಲಗಾಮಿಲ್ಲದೆ ತಿನ್ನುವಂಥದ್ದಲ್ಲ, ನೂರು ಗ್ರಾಂ ಪನೀರ್‌ನಲ್ಲಿ 20 ಗ್ರಾಂ ಆಸುಪಾಸು ಕೊಬ್ಬಿರುತ್ತದೆ. ಮನೆಯಲ್ಲೇ ರಾಜ್ಮಾ ಅಥವಾ ಕಡಲೆಕಾಳು ಬೇಯಿಸಿ, ಈರುಳ್ಳಿ, ಕೊತ್ತಂಬರಿ, ಹಸಿಮೆಣಸು ಹಾಕಿ ಕಟ್ಟಿದ ವಡೆ ಗಾತ್ರದ ಪ್ಯಾಟಿ ಇವೆರಡಕ್ಕಿಂತ ಮೇಲು. ಜಾಲರಿಯ ಮೇಲೆ ಒಡೆದುಹೋಗುತ್ತದೆಂದು ಹೆದರಬೇಡಿ, ಕಬ್ಬಿಣದ ಕಾವಲಿಯನ್ನೇ ಗ್ರಿಲ್ ಮೇಲಿಟ್ಟು ಬೇಯಿಸಿ.

ಸುಡುವ ವಿದ್ಯೆ ನಮಗೇನು ಹೊಸದೇ? ಉತ್ತರ ಕರ್ನಾಟಕದಲ್ಲಿ ಚಳಿಗಾಲಕ್ಕೆ ಹೊಲದಲ್ಲಿ ಕುಳಿ ತೋಡಿ, ಬೆರಣಿ ಕೆಂಡದಲ್ಲಿ ಎಳೆ ಜೋಳದ ತೆನೆ ಸುಟ್ಟು, ಬಿಸಿಬಿಸಿಯಾಗಿ ಉಜ್ಜಿ ಕಾಳು ಬಿಡಿಸಿ ಸೀತನಿ ತಿನ್ನುತ್ತಾರೆ. ಬದನೆಕಾಯಿಗೆ ಒಂಚೂರು ಎಣ್ಣೆ ಸವರಿ ಕೆಂಡದಲ್ಲಿ ಸುಟ್ಟು, ಸಿಪ್ಪೆ ಸುಲಿದು, ಹುಣಸೆ ರಸ, ಹಸಿಮೆಣಸು, ಈರುಳ್ಳಿ ಹಾಕಿ ಕಿವುಚಿದರೆ ಗೊಜ್ಜು. ನಿಮ್ಮ ಅತ್ತೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ತರಕಾರಿಯಲ್ಲಿ ಕ್ರಿಯಾಟಿನ್ ಇಲ್ಲದ್ದರಿಂದ ಮಾಂಸದಲ್ಲಿ ಹುಟ್ಟುವ ಆ ಅಮೀನ್‌ಗಳ ಭಯವೂ ಇಲ್ಲ, ಕರಕಲಾದ ಸಿಪ್ಪೆಯಂತೂ ಹೇಗಿದ್ದರೂ ಬಿಸಾಡುತ್ತೀರಿ. ದಪ್ಪ ಮೆಣಸಿನಕಾಯಿ, ಅಣಬೆ, ಈರುಳ್ಳಿ, ಕುಂಬಳ ಜಾತಿಯ ಜುಕಿನಿ, ಅನಾನಸ್ ಹೋಳು, ಯಾವುದಾದರೂ ಆಗುತ್ತದೆ. ಮುಸುಕಿನ ಜೋಳಕ್ಕೆ ಬೆಣ್ಣೆಯ ಬದಲು ನಿಂಬೆಹೋಳಿಗೆ ಖಾರದಪುಡಿ ಅದ್ದಿ ಉಜ್ಜಿ, ಉಪ್ಪು ಚಿಟಿಕೆ ಸಾಕು.

ಇದಕ್ಕೆ ಅತ್ತೆ-ಮಾವನವರಿಗೆ ಬೇರೆ ಗ್ರಿಲ್ ಬೇಕು. ಸಣ್ಣದೊಂದು ಇದ್ದಿಲ ಗ್ರಿಲ್ ತನ್ನಿ, ಅದಕ್ಕೆ ಬೇರೆ ಇಕ್ಕಳ, ಬೇರೆ ತಟ್ಟೆ, ಇಕ್ಕಳದ ಹಿಡಿಗೆ ಒಂದು ಹಸಿರು ದಾರ. ಅವರ ಮನಸ್ಸಿಗಾಗಿ ಮಾತ್ರ ಅಲ್ಲ. ಬಾರ್ಬೆಕ್ಯೂ ದಿನ ಹೊಟ್ಟೆ ಕೆಡಿಸುವ ಮುಖ್ಯ ತಪ್ಪೆಂದರೆ ಹಸಿ ಕೋಳಿ ಇಟ್ಟ ತಟ್ಟೆಯಲ್ಲೇ ಬೆಂದದ್ದನ್ನೂ ಇಡುವುದು, ಅದೇ ಇಕ್ಕಳದಲ್ಲಿ ಜೋಳ ಮಗುಚುವುದು. ಮಡಿ ಎಂದು ನಿಮ್ಮ ಅತ್ತೆ ಹೇಳುವುದನ್ನು ಇಲ್ಲಿ ಸೂಕ್ಷ್ಮಜೀವಿ ಶಾಸ್ತ್ರಜ್ಞರೂ ಒಪ್ಪುತ್ತಾರೆ. ಕೋಳಿ ನೆನೆಸಿದ ಮಸಾಲೆಯನ್ನು ಬೇಯುವಾಗ ಮೇಲಿಂದ ಸವರುವುದೂ ಬೇಡ. ಸವರುವುದಕ್ಕೆಂದು ಮೊದಲೇ ಬಟ್ಟಲಲ್ಲಿ ಸ್ವಲ್ಪ ತೆಗೆದಿಡಿ. ಇನ್ನೊಂದು, ನಮ್ಮವರು ಒಪ್ಪಲು ಕಷ್ಟಪಡುವ ಮಾತು: ಹಸಿ ಕೋಳಿಯನ್ನು ಸಿಂಕಿನಲ್ಲಿ ತೊಳೆಯಬೇಡಿ ಎಂದು ಅಮೆರಿಕದ ಕೃಷಿ ಇಲಾಖೆ ಹೇಳುತ್ತದೆ. ಸಿಡಿದ ಹನಿಗಳ ಜೊತೆ ಕ್ರಿಮಿಗಳು ಪಕ್ಕದಲ್ಲಿರುವ ಸೌತೆಕಾಯಿಗೂ ಹೋಗುತ್ತವೆ. ತೊಳೆಯದೆ ಮನಸ್ಸೊಪ್ಪದಿದ್ದರೆ ಸಿಂಕಿನ ಸುತ್ತ ಬೇರೇನೂ ಇಡದೆ, ನಲ್ಲಿ ಸಣ್ಣಗೆ ಬಿಟ್ಟು ತೊಳೆದು, ಆಮೇಲೆ ಸೋಪು ಹಾಕಿ ಸಿಂಕನ್ನೇ ತಿಕ್ಕಿ.

ಬೆಂದಿದೆಯೋ ಇಲ್ಲವೋ ಎಂದು ಬಣ್ಣ ನೋಡಿ ಹೇಳಲಾಗದು. ಕಡ್ಡಿಯಂಥ ಥರ್ಮಾಮೀಟರ್ ಒಂದು ಬೇಕು, ತುಂಬ ದುಬಾರಿಯೇನಲ್ಲ. ಕೋಳಿಯ ದಪ್ಪ ಭಾಗಕ್ಕೆ, ಮೂಳೆ ತಾಗದಂತೆ ಚುಚ್ಚಿದಾಗ 165 ಡಿಗ್ರಿ ಫ್ಯಾರನ್‌ಹೀಟ್ (74 ಸೆಲ್ಸಿಯಸ್) ತೋರಿಸಬೇಕು. ಕುರಿಯ ಖೀಮಾದ ಬರ್ಗರ್‌ಗೆ 160, ಮೀನಿಗೆ 145. ಇದರಲ್ಲಿ ನಿಮಗೆ ಇನ್ನೊಂದು ಲಾಭವಿದೆ. ಒಳಗೆ ಹಸಿಯಿದೆಯೇನೋ ಎಂಬ ಅನುಮಾನಕ್ಕೆ ಇನ್ನೂ ಹತ್ತು ನಿಮಿಷ ಬಿಟ್ಟು ಕರಕಲು ಮಾಡುವುದು ತಪ್ಪುತ್ತದೆ.

ಟೆಕ್ಸಾಸ್‌ನ ಜುಲೈ ಸೆಕೆ ನಿಮಗೆ ಗೊತ್ತೇ ಇದೆ. ಬೇಯಿಸಿದ್ದು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು, ತಾಪ 90 ಡಿಗ್ರಿ ಫ್ಯಾರನ್‌ಹೀಟ್ (32 ಸೆಲ್ಸಿಯಸ್) ದಾಟಿದ್ದರೆ ಒಂದೇ ಗಂಟೆ. ಮಾಂಸಕ್ಕೆ ಮಾತ್ರ ಈ ನಿಯಮ ಎಂದುಕೊಳ್ಳುವವರೇ ಹೆಚ್ಚು. ಯಾರೋ ತಂದ ಚಿತ್ರಾನ್ನ, ಮೊಸರನ್ನ ಮೂರು ಗಂಟೆ ಮೇಜಿನ ಮೇಲಿದ್ದರೆ ಅನ್ನದಲ್ಲಿ ಬೆಳೆಯುವ ಕ್ರಿಮಿ ಬಿಡುವ ವಿಷ ಮತ್ತೆ ಬಿಸಿಮಾಡಿದರೂ ಹೋಗದು. ಸಣ್ಣ ಪಾತ್ರೆಗಳಲ್ಲಿ ಸ್ವಲ್ಪ ಸ್ವಲ್ಪವೇ ಹೊರಗೆ ತನ್ನಿ, ಉಳಿದದ್ದು ಒಳಗೆ ಫ್ರಿಜ್‌ನಲ್ಲಿರಲಿ. ಜಾಲರಿ ತಿಕ್ಕುವ ತಂತಿ ಬ್ರಷ್ ಹಳೆಯದಾಗಿದ್ದರೆ ಬಿಸಾಡಿ. ಉದುರಿದ ತಂತಿ ಊಟದ ಜೊತೆ ಹೋಗಿ ಗಂಟಲು, ಕರುಳಿಗೆ ಚುಚ್ಚಿದ ಪ್ರಕರಣಗಳನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ 2012ರಲ್ಲೇ ವರದಿ ಮಾಡಿದೆ. ನಾಲ್ಕು ವರ್ಷದೊಳಗಿನ ಮಕ್ಕಳು ಬರುತ್ತಿದ್ದರೆ ಹಾಟ್‌ಡಾಗನ್ನು ಗುಂಡಗುಂಡಗೆ ಕತ್ತರಿಸಿ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಉದ್ದಕ್ಕೆ ಸೀಳಿ, ಆಮೇಲೆ ಸಣ್ಣ ಚೂರು ಮಾಡಿ.

ಇನ್ನು ನಿಮ್ಮ ಗಂಡ. ಭಾರತೀಯ ಮೂಲದವರಿಗೆ ಮೈ ತೆಳ್ಳಗಿದ್ದರೂ ಸಕ್ಕರೆ ಕಾಯಿಲೆ ಬೇಗ ಹಿಡಿಯುತ್ತದೆ. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಏಷ್ಯಾ ಮೂಲದವರಿಗೆ ಬಿಎಂಐ 25ರ ಬದಲು 23ಕ್ಕೇ ತಪಾಸಣೆ ಶುರುಮಾಡಿ ಎಂದು 2015ರಿಂದ ಹೇಳುತ್ತಿರುವುದು ಇದಕ್ಕೇ. ಅದೇ ಸಂಸ್ಥೆಯ ತಟ್ಟೆಯ ಲೆಕ್ಕ ಸರಳ: ಒಂಬತ್ತು ಅಂಗುಲದ ತಟ್ಟೆ, ಅರ್ಧ ಭಾಗ ತರಕಾರಿ, ಕಾಲು ಭಾಗ ಕೋಳಿ ಅಥವಾ ಮೀನು ಅಥವಾ ಕಾಳು, ಉಳಿದ ಕಾಲು ಭಾಗಕ್ಕೆ ಬನ್ನೋ ಜೋಳವೋ ಅನ್ನವೋ ಯಾವುದಾದರೂ ಒಂದು. ಕಷ್ಟ ಇರುವುದು ಆ ‘ಒಂದು’ ಎಂಬಲ್ಲೇ. ಬನ್ನು ತಿಂದು, ಜೋಳ ತಿಂದು, ಆಲೂಗಡ್ಡೆ ಸಲಾಡ್ ನೆಂಚಿಕೊಂಡು, ಯಾರೋ ತಂದ ಜಾಮೂನಿಗೆ ಬೇಡ ಅನ್ನಲಾಗದೆ ಎರಡು ಹಾಕಿಸಿಕೊಂಡರೆ ಎ1ಸಿ 7.6 ಆಗದೆ ಇನ್ನೇನಾಗುತ್ತದೆ? ಬನ್ನಿನ ಮೇಲಿನ ಅರ್ಧ ಬಿಟ್ಟುಬಿಡುವುದು ಸುಲಭದ ಉಪಾಯ. ಹೆಸರುಬೇಳೆ ಕೋಸಂಬರಿಯನ್ನು ದೊಡ್ಡ ಪಾತ್ರೆಯಲ್ಲಿ, ಮೇಜಿನ ಮೊದಲಿಗೇ ಇಡಿ. ಹಸಿದವರು ಮೊದಲು ಕೈಗೆ ಸಿಕ್ಕಿದ್ದನ್ನು ತುಂಬಿಕೊಳ್ಳುತ್ತಾರೆ. ಚಿಪ್ಸ್ ಎಲ್ಲಕ್ಕಿಂತ ಕೊನೆಗೆ. ಕುಡಿಯಲು ನೀರುಮಜ್ಜಿಗೆ, ನಿಂಬೆಹಣ್ಣು ಹಿಂಡಿದ ಸೋಡಾ. ಬೆಲ್ಲದ ಪಾನಕ ‘ನಮ್ಮದು’ ಎಂಬ ಕಾರಣಕ್ಕೆ ಒಳ್ಳೆಯದಾಗುವುದಿಲ್ಲ, ಬೆಲ್ಲವೂ ಸಕ್ಕರೆಯೇ. ಅವರು ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಖಾಲಿ ಹೊಟ್ಟೆಯಲ್ಲಿ ಬಿಯರ್ ಕೂಡದು, ಸಕ್ಕರೆ ತೀರಾ ಕೆಳಗಿಳಿದು ತಲೆ ತಿರುಗಬಹುದು. ಇನ್ಸುಲಿನ್ ಇದ್ದರೆ ಅದನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ.

ಇಷ್ಟನ್ನೂ ಜುಲೈ 4ರಂದು ಅವರ ಪಕ್ಕ ನಿಂತು ಹೇಳಿದರೆ ಮತ್ತೆ ಎರಡು ದಿನ ಮಾತಿರುವುದಿಲ್ಲ. ತಟ್ಟೆಗೆ ಬಂದ ಮೇಲೆ ಕೈ ಹಾಕಿದ್ದು ನಿಮ್ಮ ತಪ್ಪು, ಅದನ್ನು ನೇರವಾಗಿ ಹೇಳಿಬಿಡುತ್ತೇನೆ. ನಾಲ್ಕು ಜನರ ಎದುರು ಯಾರಿಗಾದರೂ ಅವಮಾನವಾಗುತ್ತದೆ, ಕಾಳಜಿ ಎಂದು ಅದು ಕಾಣುವುದಿಲ್ಲ. ತೀರ್ಮಾನವಾಗಬೇಕಾದದ್ದು ಅಂಗಡಿಯಲ್ಲಿ. ಗುರುವಾರ ಸಂಜೆ ಇಬ್ಬರೂ ಜೊತೆಗೇ ಹೋಗಿ. ಹಾಟ್‌ಡಾಗ್ ಪೊಟ್ಟಣ ಮೂರರ ಬದಲು ಒಂದು ಬರಲಿ, ಉಳಿದ ದುಡ್ಡಿಗೆ ಸಾಲ್ಮನ್ ಮೀನು ಬರಲಿ. ಕೋಲಾ ಪೆಟ್ಟಿಗೆ ಮನೆಗೇ ಬರದಿದ್ದರೆ ಅಂದು ಅದರ ಮೇಲೆ ವಾದವೂ ಇಲ್ಲ. ಥರ್ಮಾಮೀಟರ್ ನೀವೇ ಕೊಂಡು ಅವರ ಕೈಗೆ ಕೊಡಿ, ಗ್ರಿಲ್ ಪ್ರಿಯರಿಗೆ ಹೊಸ ಸಾಮಾನು ಸಿಕ್ಕರೆ ಉಪದೇಶಕ್ಕಿಂತ ಬೇಗ ನಾಟುತ್ತದೆ. ಗ್ಲುಕೋಮೀಟರ್ ಮನೆಯಲ್ಲಿದ್ದರೆ ಊಟ ಶುರುವಾದ ಎರಡು ಗಂಟೆಗೆ ಅವರೇ ಒಂದು ಸಲ ನೋಡಿಕೊಳ್ಳಲಿ. 180ರ ಒಳಗಿದ್ದರೆ ಅಂದಿನ ತಟ್ಟೆ ಸರಿಯಿತ್ತು. ಮೇಲಿದ್ದರೆ ಯಾವುದು ಹೆಚ್ಚಾಯಿತು ಎಂದು ಅವರಿಗೇ ಗೊತ್ತಾಗುತ್ತದೆ. ನೀವು ಅಂದು ಆ ಅಂಕಿ ಕೇಳಲೂ ಬೇಡಿ.

ಹದಿನೈದು ಶನಿವಾರದಲ್ಲಿ ಆರೇಳನ್ನು ತರಕಾರಿ, ಮೀನಿಗೆ ಬಿಟ್ಟುಕೊಡಲು ಅವರು ಒಪ್ಪಿದರೆ ನನ್ನ ಪ್ರಕಾರ ನೀವು ಗೆದ್ದಂತೆ. ಹಾಟ್‌ಡಾಗ್ ಹಬ್ಬಕ್ಕೆ ಮಾತ್ರ ಎಂದಾದರೆ ಕ್ಯಾನ್ಸರ್ ಭಯ ಬಿಟ್ಟು ಮಲಗಿ.

ಉಳಿದದ್ದು ಮಾವನವರು. ಮೂತ್ರ ಹೆಚ್ಚಿಸುವ ಮಾತ್ರೆ, ಎಪ್ಪತ್ನಾಲ್ಕರ ವಯಸ್ಸು, ಟೆಕ್ಸಾಸ್ ಬಿಸಿಲು ಮೂರೂ ಸೇರಿದರೆ ಮೈಯಲ್ಲಿ ನೀರು ಬತ್ತಿ ಬಿಪಿ ಇಳಿದು ಬೀಳುವ ಅಪಾಯ ನಿಜಕ್ಕೂ ಇದೆ. ನಿಮ್ಮ ಇಡೀ ಪತ್ರದಲ್ಲಿ ನನಗೆ ಆತಂಕ ತಂದದ್ದು ಈ ಒಂದೇ ಸಾಲು, ನೀವು ಅದನ್ನು ಕೊನೆಯಲ್ಲಿ ಬರೆದಿದ್ದೀರಿ. ಅವರನ್ನು ಸಂಜೆ ಆರರ ಮೇಲೆಯೇ ಹೊರಗೆ ಕರೆಯಿರಿ, ನೆರಳಿನಲ್ಲಿ, ಗ್ರಿಲ್‌ನಿಂದ ದೂರ ಕೂರಿಸಿ. ಬಾಯಾರಿಕೆ ಎಂದು ಅವರು ಹೇಳುವವರೆಗೆ ಕಾಯಬೇಡಿ, ಆ ವಯಸ್ಸಿಗೆ ಬಾಯಾರಿಕೆ ಸರಿಯಾಗಿ ತಿಳಿಯುವುದಿಲ್ಲ. ದಿನಕ್ಕೆ ಎಷ್ಟು ನೀರು ಕುಡಿಯಬಹುದು, ಮಜ್ಜಿಗೆಗೆ ಉಪ್ಪು ಹಾಕಬಹುದೇ, ಸೆಕೆ ಜಾಸ್ತಿಯಿರುವ ದಿನ ಮಾತ್ರೆಯ ಪ್ರಮಾಣ ಬದಲಾಗಬೇಕೇ ಎಂಬುದನ್ನು ನೀವಾಗಲಿ ನಾನಾಗಲಿ ಊಹಿಸಿ ಹೇಳುವಂತಿಲ್ಲ. ಜುಲೈ 4ರವರೆಗೆ ಕಾಯದೆ ಈ ವಾರವೇ ಹಾಸನದ ಅವರ ವೈದ್ಯರಿಗೆ ಫೋನ್ ಮಾಡಿ ಕೇಳಿ.